ಮಕ್ಕಳು ಹೂಡಿದ ಸಂತೆ

ಶಾಲೆಯೆಂದರೆ ಮೌನ, ಸಂತೆಯೆಂದರೆ ಗದ್ದಲ. ಇವೆರಡೂ ಒಂದೇ ಅಂಗಳದಲ್ಲಿ ಕೂಡುವುದು ಅಸಾಧ್ಯವೆಂದೇ ಹಿಂದಿನ ಉಪಾಧ್ಯಾಯರು ನಂಬಿದ್ದರು. ತರಗತಿಯಲ್ಲಿ ಹುಡುಗರ ಸದ್ದು ಸ್ವಲ್ಪ ಏರಿದರೂ ಸಾಕು, "ಇದೇನು ಶಾಲೆಯೋ, ಸಂತೆಯೋ?" ಎಂಬ ಗದರಿಕೆ ಮೇಜಿನ ಮೇಲೆ ಬೀಳುವ ಬೆತ್ತದ ಸದ್ದಿನೊಡನೆ ಕೇಳಿಬರುತ್ತಿತ್ತು. ಆದರೆ ಇಂದು ಕರ್ನಾಟಕದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ವರ್ಷಕ್ಕೆ ಒಂದು ದಿನ ಆ ಗದರಿಕೆಯ ಮಾತೇ ನಿಜವಾಗುತ್ತದೆ. ಅಂದು ಶಾಲೆಯೇ ಸಂತೆ, ಗುರುಗಳೇ ಗಿರಾಕಿಗಳು, ಮಕ್ಕಳೇ ವರ್ತಕರು.

ಇದಕ್ಕೆ ಮಕ್ಕಳ ಸಂತೆ ಎಂದು ಹೆಸರು. ಮೆಟ್ರಿಕ್ ಮೇಳ ಎಂದೂ ಕರೆಯುವುದುಂಟು. ಅಂಗಳದ ಮರದ ನೆರಳಿನಲ್ಲಿ, ಕೊಠಡಿಗಳ ಮುಂದಿನ ಜಗಲಿಯ ಮೇಲೆ ಗೋಣಿತಾಟು ಹಾಸಿಕೊಂಡು, ಹಿತ್ತಿಲಿನ ಸೊಪ್ಪು, ಹೊಲದ ಬದನೆ, ಮರದ ಪೇರಲ, ಹುಣಸೆಹಣ್ಣು, ನಿಂಬೆ, ತೆಂಗಿನಕಾಯಿಗಳನ್ನು ಗುಡ್ಡೆಮಾಡಿ ಕುಳಿತ ಪುಟ್ಟ ವ್ಯಾಪಾರಿಗಳು ಬೆಳಗಿನಿಂದ ಕೂಗಿ ಕರೆಯುತ್ತಿರುತ್ತಾರೆ. ರಟ್ಟಿನ ತುಂಡಿನ ಮೇಲೆ ಬಣ್ಣದ ಅಕ್ಷರಗಳಲ್ಲಿ ಬೆಲೆ ಬರೆದು ನಿಲ್ಲಿಸಿರುತ್ತಾರೆ. ಒಂದು ಮೂಲೆಯಲ್ಲಿ ಮಜ್ಜಿಗೆ, ಪಾನಕ. ಇನ್ನೊಂದು ಮೂಲೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಊರಿನ ಹಿರಿಯರು ಚೀಲ ಹಿಡಿದು ಬರುತ್ತಾರೆ. ತಾಯಂದಿರು ತಮ್ಮ ಮಕ್ಕಳ ಅಂಗಡಿಯನ್ನು ದೂರದಿಂದಲೇ ನೋಡಿ ನಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಂಗಳ ಬರಿದಾಗುತ್ತದೆ; ಗಲ್ಲಾಪೆಟ್ಟಿಗೆಯಾಗಿ ಮಾರ್ಪಟ್ಟ ಜಾಮಿಟ್ರಿ ಡಬ್ಬಿಗಳು ತುಂಬುತ್ತವೆ.

ನೋಡುವವರಿಗೆ ಇದೊಂದು ವಿನೋದ. ವಾರ್ಷಿಕೋತ್ಸವದ ನಾಟಕದಂತೆ ಇದೂ ಒಂದು ಆಟವೆಂದು ನಕ್ಕು ಹೋಗುವವರೇ ಹೆಚ್ಚು. ಆದರೆ ಈ ಆಟದೊಳಗೆ ಅಡಗಿರುವ ಪ್ರಶ್ನೆಗಳು ಸಾಮಾನ್ಯವಾದುವಲ್ಲ. ಮಗು ವ್ಯಾಪಾರವನ್ನು ಕಲಿಯಬೇಕೆ? ಕಲಿಯುವುದಾದರೆ ಶಾಲೆಯಲ್ಲಿಯೇ ಕಲಿಯಬೇಕೆ? ಲಾಭವೆಂಬ ಮಾತನ್ನು ಹತ್ತು ವರ್ಷದ ಬಾಲಕಿಗೆ ಹೇಗೆ ಹೇಳಿಕೊಡಬೇಕು? ಈ ಪ್ರಶ್ನೆಗಳಿಗೆ ನಮ್ಮ ನಾಡಿನಲ್ಲಿಯೂ ಹೊರನಾಡುಗಳಲ್ಲಿಯೂ ನೂರು ವರ್ಷಗಳಿಂದ ಚರ್ಚೆ ನಡೆದಿದೆ.

ಹೋಬಳಿಯ ಊರು, ಸಂತೆಯ ಸೀಮೆ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ ಗೋವಿನಕೋವಿ ಎಂಬುದೊಂದು ಹೋಬಳಿಯ ಊರು. ನ್ಯಾಮತಿ ತಾಲ್ಲೂಕಾಗುವ ಮೊದಲು ಇದು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಹೊನ್ನಾಳಿಯಾದರೋ 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಶಿವಮೊಗ್ಗ ಜಿಲ್ಲೆಯ ಒಂದು ಭಾಗ. ಹೀಗೆ ಕಾಗದಪತ್ರಗಳಲ್ಲಿ ತಾಲ್ಲೂಕು, ಜಿಲ್ಲೆಗಳ ಹೆಸರು ಬದಲಾದರೂ ಈ ಸೀಮೆಯ ಬದುಕಿನ ಲಯ ಅದೇ ಆಗಿದೆ: ತುಂಗಭದ್ರೆಯ ಬಯಲು, ಬತ್ತ, ಮೆಕ್ಕೆಜೋಳ, ಅಡಕೆ, ವಾರಕ್ಕೊಮ್ಮೆ ಸಂತೆ.

ಇಂಥ ಸೀಮೆಯ ಮಗುವಿಗೆ ಸಂತೆ ಹೊಸದಲ್ಲ. ಅಜ್ಜಿಯ ಸೆರಗು ಹಿಡಿದು ನಡೆದಾಡುವ ವಯಸ್ಸಿನಿಂದಲೇ ಅದು ಸಂತೆಯನ್ನು ಬಲ್ಲದು. ಬೋಣಿಯಾಗದೆ ಉದ್ದರಿ ಕೊಡಬಾರದು, ಸೊಪ್ಪಿಗೆ ನೀರು ಚಿಮುಕಿಸುತ್ತಿರಬೇಕು, ಕೊಂಡವರಿಗೆ ಒಂದೆರಡು ಕರಿಬೇವಿನ ಎಸಳನ್ನಾದರೂ ಕೊಸರು ಹಾಕಬೇಕು ಎಂಬ ಮಾತುಗಳು ಅದರ ಕಿವಿಗೆ ಬಿದ್ದೇ ಇರುತ್ತವೆ. ಆದರೆ ಆ ತಿಳಿವಳಿಕೆಗೆ ಶಾಲೆಯ ಬಾಗಿಲಿನೊಳಗೆ ಪ್ರವೇಶವಿರಲಿಲ್ಲ. ಚೀಲ ಹೆಗಲಿಗೇರಿಸಿ ಶಾಲೆಗೆ ಬಂದ ಮಗು ಸಂತೆಯ ಲೆಕ್ಕವನ್ನು ಹೊರಗೇ ಬಿಟ್ಟು, ಒಳಗೆ ಪುಸ್ತಕದ ಲೆಕ್ಕವನ್ನು ಮಾಡಬೇಕಾಗಿತ್ತು. ಅಲ್ಲಿ ರಾಮನು ಡಜನ್ ಮಾವಿನಹಣ್ಣನ್ನು ಇಂತಿಷ್ಟಕ್ಕೆ ಕೊಂಡು ಸೋಮನಿಗೆ ಇಂತಿಷ್ಟಕ್ಕೆ ಮಾರಿದರೆ ಶೇಕಡ ಲಾಭವೆಷ್ಟು ಎಂದು ಕೇಳಲಾಗುತ್ತಿತ್ತು. ರಾಮನ ಹಣ್ಣು ಎಂದೂ ಕೊಳೆಯುತ್ತಿರಲಿಲ್ಲ. ಸೋಮನು ಎಂದೂ ಚೌಕಾಸಿ ಮಾಡುತ್ತಿರಲಿಲ್ಲ.

ಶಾಲೆಯಂಗಳದ ಸಂತೆ ಮಾಡಿರುವ ಮೊದಲ ಉಪಕಾರವೆಂದರೆ ಇದು: ಮಗುವಿನ ಮನೆಯ ವಿದ್ಯೆಗೂ ಶಾಲೆಯ ವಿದ್ಯೆಗೂ ನಡುವೆ ಇದ್ದ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದಿದೆ. ಪಠ್ಯಪುಸ್ತಕದ ಮುಂದೆ ತಡವರಿಸುವ ಹುಡುಗನೊಬ್ಬನು ತಕ್ಕಡಿಯ ಮುಂದೆ ತನ್ನ ತರಗತಿಯ ಜಾಣರನ್ನೆಲ್ಲ ಮೀರಿಸುವುದುಂಟು. ಅಂಥವನನ್ನು ಕಂಡು, ತಮ್ಮ ಅಂಕಪಟ್ಟಿ ಏನನ್ನು ಅಳೆಯುತ್ತಿತ್ತು, ಏನನ್ನು ಬಿಟ್ಟಿತ್ತು ಎಂದು ಯೋಚಿಸುವ ಅವಕಾಶ ಉಪಾಧ್ಯಾಯರಿಗೂ ಒದಗುತ್ತದೆ.

ಮೆಟ್ರಿಕ್ ಎಂಬ ಹೆಸರಿನ ಹಿಂದೆ

ಮೇಳಕ್ಕೆ ಮೆಟ್ರಿಕ್ ಎಂಬ ಹೆಸರೇಕೆ ಬಂದಿತೆಂದು ಇಂದಿನ ಎಳೆಯರು ಕೇಳಬಹುದು. ಅದರ ಹಿಂದೆ ನಮ್ಮ ದೇಶದ ಒಂದು ದೊಡ್ಡ ಬದಲಾವಣೆಯ ನೆನಪಿದೆ. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಸೀಮೆಗೊಂದು ಸೇರು, ಪೇಟೆಗೊಂದು ಮಣ ಇತ್ತು. ಪ್ರಮಾಣದ ಸೇರೆಂದರೆ 80 ತೊಲ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಅಂಥ 40 ಸೇರಿಗೆ ಒಂದು ಮಣ. ಆದರೆ ಒಂದೂರಿನ ಸೇರು ಮತ್ತೊಂದೂರಿನ ಸೇರಿಗೆ ಸಮವಾಗಿರುತ್ತದೆ ಎಂಬ ಭರವಸೆ ಇರಲಿಲ್ಲ. ಕಚ್ಚಾ ಸೇರು, ಪಕ್ಕಾ ಸೇರು, ಪಾವು, ಚಟಾಕು, ಬಳ್ಳ, ಕೊಳಗಗಳ ನಡುವೆ ರೈತನು ಮಾರಿದ್ದೆಷ್ಟು, ಸಾಹುಕಾರನು ಕೊಂಡದ್ದೆಷ್ಟು ಎಂಬುದು ಅಳೆಯುವವನ ಕೈಗೇ ಬಿಟ್ಟ ವಿಷಯವಾಗಿತ್ತು.

1956ರಲ್ಲಿ ತೂಕ ಅಳತೆಗಳ ಕಾಯಿದೆ ಬಂದಿತು. 1957ರ ಏಪ್ರಿಲ್ 1ರಂದು ನಾಣ್ಯದಲ್ಲಿ ದಶಮಾಂಶ ಪದ್ಧತಿ ಜಾರಿಯಾಗಿ, 16 ಆಣೆಯ ರೂಪಾಯಿ 100 ನಯೇ ಪೈಸೆಯ ರೂಪಾಯಿಯಾಯಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ತೂಕ ಹಂತಹಂತವಾಗಿ ಬಳಕೆಗೆ ಬಂದಿತು. ಒಂದು ಆಣೆಗೆ ಸರಿಯಾಗಿ ಆರೂಕಾಲು ನಯೇ ಪೈಸೆಯೆಂಬ ಲೆಕ್ಕ ಅಂಗಡಿಯವರಿಗೂ ಗಿರಾಕಿಗಳಿಗೂ ಎಷ್ಟು ತಲೆನೋವು ತಂದಿತೆಂಬುದನ್ನು ಮನೆಯ ಹಿರಿಯರನ್ನು ಕೇಳಿ ತಿಳಿಯಬೇಕು. ಕೊಳ್ಳುವಾಗ ಕಾಲು ಪೈಸೆ ಯಾರದು ಎಂಬುದೇ ಜಗಳ!

ಆ ಹೊಸ ಅಳತೆಯನ್ನು ಊರಿಗೆ ಕಲಿಸುವ ಹೊಣೆ ಬಹುಮಟ್ಟಿಗೆ ಬಿದ್ದದ್ದು ಶಾಲೆಯ ಮಕ್ಕಳ ಮೇಲೆ. ಶಾಲೆಯಲ್ಲಿ ಕಿಲೋಗ್ರಾಂ ಕಲಿತ ಮಗು ಮನೆಗೆ ಹೋಗಿ ಸೇರಿನಲ್ಲಿ ಅಳೆಯುವ ಅಜ್ಜಿಗೆ ಅದನ್ನು ಹೇಳಬೇಕಾಗಿತ್ತು. ಇಂದು ಗ್ರಾಂ, ಲೀಟರು, ಮೀಟರುಗಳು ಊರೂರಿನ ಮಾತಾಗಿವೆ. ಆದರೂ ತೂಕವನ್ನು ಕಣ್ಣಿನಿಂದ ಓದುವುದು ಬೇರೆ, ಕೈಯಿಂದ ಅರಿಯುವುದು ಬೇರೆ. ಕಾಲು ಕಿಲೋ ಎಂದರೆ 250 ಗ್ರಾಂ ಎಂದು ಹಲಗೆಯ ಮೇಲೆ ಬರೆಯಬಲ್ಲ ಮಗುವಿಗೆ ಕಾಲು ಕಿಲೋ ಬದನೆಯೆಂದರೆ ಎಷ್ಟು ಕಾಯಿ ಎಂಬುದು ತಕ್ಕಡಿ ಹಿಡಿದಾಗಲೇ ತಿಳಿಯುವುದು.

ಇದೇ ತತ್ತ್ವವನ್ನು ಹಿಡಿದು ಕರ್ನಾಟಕದಲ್ಲಿ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಯಿತು. ಆಡುತ್ತ, ಮುಟ್ಟುತ್ತ, ತನ್ನ ವೇಗದಲ್ಲಿ ತಾನೇ ಕಲಿಯುವ ಈ ಪದ್ಧತಿ ಮುಂದೆ ನಾಡಿನ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಶಾಲೆಯಂಗಳದ ಸಂತೆಯೂ ಇದೇ ಮನೋಧರ್ಮದ್ದು.

ಏಳು ರೂಪಾಯಿಯ ಮೆಂತ್ಯದ ಕಟ್ಟು

ಗೋವಿನಕೋವಿಯಂಥ ಊರಿನ ಐದನೆಯ ತರಗತಿಯ ಒಬ್ಬ ಬಾಲಕಿಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಆಕೆಗೆ ಒಂದು ಹೆಸರೂ ಬೇಡ. ಊರಿಗೆ ಹತ್ತು ಮಂದಿ ಅಂಥವರಿದ್ದಾರೆ. ಸಂತೆಯ ದಿನ ಆಕೆ 25 ಕಟ್ಟು ಮೆಂತ್ಯದ ಸೊಪ್ಪನ್ನು ತಂದಿದ್ದಾಳೆ. ಕಟ್ಟಿಗೆ ಏಳು ರೂಪಾಯಿ ಎಂದು ರಟ್ಟಿನ ಮೇಲೆ ಬರೆದಿದ್ದಾಳೆ.

"ಐದಕ್ಕೆ ಕೊಡ್ತೀಯೇನವ್ವಾ?" ಎಂದು ಮುದುಕರೊಬ್ಬರು ಕೇಳುತ್ತಾರೆ.

"ಇಲ್ಲಜ್ಜಾ, ಏಳು ರೂಪಾಯಿ. ಬೆಳಿಗ್ಗೆ ಕಿತ್ತಿದ್ದು, ನೋಡ್ರಿ."

ಹೊತ್ತು ಏರುವವರೆಗೆ 15 ಕಟ್ಟು ಏಳರಂತೆಯೇ ಹೋದುವು; ಬಂದದ್ದು 105 ರೂಪಾಯಿ. ಬಿಸಿಲೇರಿ ಸೊಪ್ಪು ಬಾಡಲು ತೊಡಗಿತು. ಪಕ್ಕದ ಹುಡುಗನೂ ಮೆಂತ್ಯವನ್ನೇ ತಂದು ಬೆಲೆ ಇಳಿಸಿದ. ಈಕೆಯೂ ಐದಕ್ಕೆ ಇಳಿಸಿ 8 ಕಟ್ಟು ಮಾರಿದಳು, ಬಂದದ್ದು 40. ಕೊನೆಗೆ ಎರಡು ಕಟ್ಟು ಬಾಡಿ ಉಳಿದುವು. ಒಟ್ಟು 145 ರೂಪಾಯಿ ಡಬ್ಬಿಯಲ್ಲಿದೆ. "ನನಗೆ 145 ರೂಪಾಯಿ ಲಾಭ!" ಎಂದು ಆಕೆ ಕುಣಿಯುತ್ತಾಳೆ.

ನಿಜವಾದ ಪಾಠ ಆರಂಭವಾಗುವುದು ಇಲ್ಲಿ. ಬಲ್ಲ ಉಪಾಧ್ಯಾಯರು ಆಗ ಕೇಳುವ ಪ್ರಶ್ನೆ ಒಂದೇ: "ಸೊಪ್ಪು ನಿನಗೆ ಎಷ್ಟಕ್ಕೆ ಬಂತು, ತಂಗಿ?" ಬಾಲಕಿ ತಬ್ಬಿಬ್ಬಾಗುತ್ತಾಳೆ. ಮನೆಯ ಸೊಪ್ಪಿಗೆ ಬೆಲೆಯೆಲ್ಲಿಯದು? ಆದರೆ ಅದೇ ಸೊಪ್ಪನ್ನು ತಂದೆ ದಲ್ಲಾಳಿಗೆ ಕಟ್ಟಿಗೆ ನಾಲ್ಕು ರೂಪಾಯಿಯಂತೆ ಮಾರಬಹುದಾಗಿತ್ತು. ಹಾಗಾದರೆ 25 ಕಟ್ಟಿನ ಅಸಲು 100 ರೂಪಾಯಿ. ಉಳಿದದ್ದು 45. ರಟ್ಟು, ಬಣ್ಣ, ಚೀಲಗಳಿಗೆ 10 ರೂಪಾಯಿ ಖರ್ಚಾಗಿದೆ. ಈಗ ಉಳಿದದ್ದು 35. ಮುಂಜಾನೆ ಎದ್ದು ಸೊಪ್ಪು ಕಿತ್ತು, ಬೇರಿನ ಮಣ್ಣು ತೊಳೆದು, ಕಟ್ಟು ಕಟ್ಟಿದವರು ಅಮ್ಮ ಮತ್ತು ಅಜ್ಜಿ. ಇಬ್ಬರೂ ಒಂದೊಂದು ಗಂಟೆ ದುಡಿದಿದ್ದರೆ ಅವರ ಪಾಲಿಗೆ ಗಂಟೆಗೆ ಹದಿನೇಳೂವರೆ ರೂಪಾಯಿ ಬಿತ್ತು; ಆಗ ಬಾಲಕಿಯ ಕೈಯಲ್ಲಿ ಉಳಿದದ್ದು ಸೊನ್ನೆ. ತಾನು ಅರ್ಧ ದಿನ ಬಿಸಿಲಿನಲ್ಲಿ ಕುಳಿತು ಕೂಗಿದ ಕೂಲಿಯನ್ನು ಆಕೆ ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ!

ನೂರ ನಲವತ್ತೈದರಿಂದ ಸೊನ್ನೆಗೆ ಇಳಿದ ಈ ಲೆಕ್ಕ ಮಗುವಿನ ಉತ್ಸಾಹವನ್ನು ಕೊಲ್ಲುವುದಕ್ಕಾಗಿ ಅಲ್ಲ. ತಾಯಿಯ ದುಡಿಮೆಗೂ ಬೆಲೆಯುಂಟೆಂಬುದು ಬಹುಶಃ ಆ ಮನೆಯಲ್ಲಿ ಮೊದಲ ಸಲ ಕಾಗದದ ಮೇಲೆ ಬರೆಯಲ್ಪಟ್ಟಿತು. ನಗರದ ಗಿರಾಕಿ ಹೆಚ್ಚು ಬೆಲೆ ಕೊಟ್ಟರೂ ಬೆಳೆದವನ ಕೈಗೆ ಸೇರುವುದೇಕೆ ಇಷ್ಟು ಕಡಿಮೆ ಎಂಬ ಪ್ರಶ್ನೆ ಮಗುವಿನ ತಲೆಯಲ್ಲಿ ಹುಟ್ಟಿತು. ಬಾಡಿದ ಎರಡು ಕಟ್ಟು ಯಾರ ಲುಕ್ಸಾನು ಎಂದು ತಿಳಿಯಿತು. ಈ ಕಿರ್ದಿ-ಖಾತೆಯ ಪಾಠವಿಲ್ಲದೆ ಹೋದರೆ ಮಕ್ಕಳ ಸಂತೆ ಕೇವಲ ಜಾತ್ರೆ. ತಂದದ್ದನ್ನು ಮಾರಿ, ಬಂದದ್ದನ್ನೆಲ್ಲ ಲಾಭವೆಂದು ಎಣಿಸಿ, ಸಂಜೆಗೆ ಐಸ್‌ಕ್ರೀಂ ತಿಂದು ಮನೆಗೆ ಹೋದರೆ ಮಗು ಕಲಿತದ್ದು ಲೆಕ್ಕವನ್ನಲ್ಲ, ಒಂದು ಸುಳ್ಳನ್ನು. ಅನೇಕ ಕಡೆ ಸಂತೆಯ ಫೋಟೋ ತೆಗೆಯುವುದಕ್ಕೆ ಇರುವ ಉತ್ಸಾಹ ಮರುದಿನ ಲೆಕ್ಕ ಬರೆಸುವುದಕ್ಕೆ ಇರುವುದಿಲ್ಲ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದರೆಂಬ ಗಾದೆ ಇಂಥ ಕಡೆಗೆ ಚೆನ್ನಾಗಿ ಒಪ್ಪುತ್ತದೆ.

ವಾರ್ಧಾದಲ್ಲಿ ನಡೆದ ವಾದ

ಮಕ್ಕಳ ಕೈಗೆ ಕಸುಬು ಕೊಡಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. 1937ರ ಅಕ್ಟೋಬರ್ ತಿಂಗಳಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನವೊಂದು ನಡೆಯಿತು. ಮಗುವಿನ ವಿದ್ಯಾಭ್ಯಾಸವೆಲ್ಲ ಒಂದು ಉಪಯುಕ್ತ ಕೈಕಸುಬಿನ ಸುತ್ತ ಬೆಳೆಯಬೇಕು, ಮಗು ಉತ್ಪಾದಿಸಿದ ವಸ್ತುವಿನ ಮಾರಾಟದಿಂದ ಶಾಲೆಯ ವೆಚ್ಚ ಕ್ರಮೇಣ ಹೊರಡಬೇಕು ಎಂಬುದು ಗಾಂಧೀಜಿಯವರ ಆಶಯ. ಅದನ್ನು ಯೋಜನೆಯಾಗಿ ರೂಪಿಸಲು ಡಾ. ಜಾಕೀರ್ ಹುಸೇನರ ನೇತೃತ್ವದಲ್ಲಿ ಒಂದು ಸಮಿತಿ ನೇಮಕವಾಯಿತು. ಮುಂದೆ ಭಾರತದ ರಾಷ್ಟ್ರಪತಿಗಳಾದವರು ಇವರೇ. ನಯೀ ತಾಲೀಮ್, ಮೂಲ ಶಿಕ್ಷಣ ಎಂಬ ಹೆಸರುಗಳಿಂದ ಆ ಯೋಜನೆ ದೇಶದಲ್ಲೆಲ್ಲ ಹಬ್ಬಿ, ತಕಲಿ ಚರಕಗಳು ಶಾಲೆಗಳಿಗೆ ಬಂದುವು.

ಆಗಲೇ ವಿರೋಧವೂ ಹುಟ್ಟಿತು. ಗುರುಗಳ ಸಂಬಳವನ್ನು ಮಕ್ಕಳ ನೂಲಿನಿಂದ ತೆಗೆಯುವುದಾದರೆ ಶಾಲೆಗೂ ಕಾರ್ಖಾನೆಗೂ ಭೇದವೇನು ಎಂದು ಕೇಳಿದವರಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಈ ಅಪಾಯವನ್ನು ಜಾಕೀರ್ ಹುಸೇನ್ ಸಮಿತಿಯೇ ಅರಿತಿತ್ತು. ಸಂಪಾದನೆಯ ಕಡೆಗೆ ಒತ್ತು ಹೆಚ್ಚಾಗಿ ಸಂಸ್ಕೃತಿ ಮತ್ತು ಶಿಕ್ಷಣದ ಉದ್ದೇಶ ಬಲಿಯಾಗಬಹುದೆಂಬ ಎಚ್ಚರಿಕೆಯನ್ನು ಅದು ತನ್ನ ವರದಿಯಲ್ಲಿಯೇ ನೀಡಿತು.

ಆ ಎಚ್ಚರಿಕೆಗೆ ಇಂದು ಕಾನೂನಿನ ಬಲವೂ ದೊರೆತಿದೆ. ಬಾಲಕಾರ್ಮಿಕರ ಕುರಿತ 1986ರ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಶಾಲೆಯ ಹೊತ್ತು ತಪ್ಪಿದ ಮೇಲೆ ಮನೆಯವರಿಗೆ ನೆರವಾಗುವುದಕ್ಕೆ ಮಿತವಾದ ಅವಕಾಶವಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯಲ್ಲಿರುವ ಹಕ್ಕನ್ನು ಕೊಟ್ಟಿದೆ. ಎಷ್ಟೋ ತಲೆಮಾರುಗಳ ಮಕ್ಕಳನ್ನು ಸಂತೆಯಿಂದ ಬಿಡಿಸಿ ಶಾಲೆಗೆ ತಂದ ನಾಡಿನಲ್ಲಿ ಶಾಲೆಗೇ ಸಂತೆಯನ್ನು ತರುವುದು ವಿಪರ್ಯಾಸವಲ್ಲವೆ ಎಂದು ಕೆಲವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಉತ್ತರವಿಷ್ಟೆ. ದುಡಿಮೆಯ ಸಂತೆಯಲ್ಲಿ ಮಗು ಸೋತರೆ ಮನೆಯ ಒಲೆ ಆರುತ್ತದೆ. ಕಲಿಕೆಯ ಸಂತೆಯಲ್ಲಿ ಮಗು ಸೋತರೆ ಒಂದು ಪಾಠ ಹೆಚ್ಚಾಗುತ್ತದೆ. ಸೋಲನ್ನು ನಿರ್ಭಯವಾಗಿ ಅನುಭವಿಸುವ ಸ್ಥಳವೇ ಶಾಲೆ. ಈ ಗೆರೆ ಅಳಿಸಿಹೋಗದಂತೆ ಕಾಯುವುದು ಹಿರಿಯರ ಕೆಲಸ.

ಹೊರನಾಡುಗಳ ಉದಾಹರಣೆ

ಮೊದಲನೆಯ ಮಹಾಯುದ್ಧ ಮುಗಿದಾಗ ಫ್ರಾನ್ಸಿನ ಹಳ್ಳಿಯ ಶಾಲೆಗಳು ಬಡವಾಗಿದ್ದುವು. ಪುಸ್ತಕವಿಲ್ಲ, ಉಪಕರಣವಿಲ್ಲ. ಆಗ ಬಾರ್ತೆಲೆಮಿ ಪ್ರೊಫಿ ಎಂಬ ಶಾಲಾ ತನಿಖಾಧಿಕಾರಿ ಮಕ್ಕಳದೇ ಸಹಕಾರ ಸಂಘಗಳನ್ನು ಕಟ್ಟಿಸಿದರು. ಮಕ್ಕಳು ಔಷಧಿಯ ಗಿಡಮೂಲಿಕೆಗಳನ್ನು ಆಯ್ದು ಮಾರಿ, ಬಂದ ಹಣದಿಂದ ತಮ್ಮ ಶಾಲೆಗೆ ಪುಸ್ತಕಗಳನ್ನೂ ಉಪಕರಣಗಳನ್ನೂ ಕೊಂಡರು. ಹಣಕ್ಕಿಂತ ಹೆಚ್ಚಾಗಿ, ಸಭೆ ಸೇರಿ ನಿರ್ಣಯ ಮಾಡುವುದನ್ನೂ ಲೆಕ್ಕ ಒಪ್ಪಿಸುವುದನ್ನೂ ಅವರು ಕಲಿತರು.

ಸರಿಸುಮಾರು ಅದೇ ಕಾಲಕ್ಕೆ, 1919ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿ ಹುಡುಗರು ಸಣ್ಣ ಕಂಪೆನಿಯೊಂದನ್ನು ಕಟ್ಟಿ, ಷೇರು ಮಾರಿ, ವಸ್ತು ತಯಾರಿಸಿ, ಕೊನೆಗೆ ಲಾಭವನ್ನು ಹಂಚಿ ಕಂಪೆನಿಯನ್ನು ಮುಚ್ಚುವ ಪದ್ಧತಿ ಬೆಳೆಯಿತು. 1962ರಲ್ಲಿ ಅದೇ ಮಾದರಿಯ ಯಂಗ್ ಎಂಟರ್‌ಪ್ರೈಸ್ ಎಂಬ ಸಂಸ್ಥೆಯನ್ನು ಸರ್ ವಾಲ್ಟರ್ ಸಾಲೊಮನ್ ಅವರು ಇಂಗ್ಲೆಂಡಿನಲ್ಲಿ ಸ್ಥಾಪಿಸಿದರು. ಫ್ರಾನ್ಸಿನದು ಸಹಕಾರದ ದಾರಿ, ಅಮೆರಿಕದ್ದು ಕಂಪೆನಿಯ ದಾರಿ. ಎರಡರಲ್ಲಿಯೂ ಮಗುವಿನ ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು ಎಂಬುದು ಸಮಾನವಾದ ಅಂಶ.

ನಮ್ಮ ದೇಶದಲ್ಲಿಯೂ 2021ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳ 11 ಮತ್ತು 12ನೆಯ ತರಗತಿಯ ವಿದ್ಯಾರ್ಥಿಗಳಿಗೆ ತಲಾ 2000 ರೂಪಾಯಿಯ ಮೂಲಧನವನ್ನು ಕೊಟ್ಟು, ತಂಡಗಳಲ್ಲಿ ಸಣ್ಣ ಉದ್ಯಮಗಳನ್ನು ಆರಂಭಿಸುವಂತೆ ಪ್ರೋತ್ಸಾಹಿಸಲಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥ ಕಸುಬುದಾರರ ಬಳಿ ಕಲಿಯಬೇಕೆಂದು ಸೂಚಿಸಿದೆ. ಗಾಂಧೀಜಿಯವರು ವಾರ್ಧಾದಲ್ಲಿ ಆಡಿದ ಮಾತು ಬೇರೊಂದು ವೇಷದಲ್ಲಿ ಮರಳಿ ಬಂದಿದೆಯೆನ್ನಬಹುದು.

ಏನೂ ತರಲಾಗದ ಮಗು

ಮಕ್ಕಳ ಸಂತೆಯ ಸಂಭ್ರಮದಲ್ಲಿ ಕಣ್ಣಿಗೆ ಬೀಳದ ಒಂದು ಮಗುವಿದೆ. ಅದರ ಮನೆಗೆ ಹೊಲವಿಲ್ಲ, ಹಿತ್ತಿಲಿಲ್ಲ, ತೆಂಗಿನಮರವಿಲ್ಲ. ತಂದೆತಾಯಿಗಳು ಕೂಲಿಗೆ ಹೋಗುವವರು. ಕೆಲವೊಮ್ಮೆ ಸುಗ್ಗಿಯ ಕಾಲಕ್ಕೆ ಊರನ್ನೇ ಬಿಟ್ಟು ಹೋಗುವವರು. "ನಾಳೆ ಎಲ್ಲರೂ ಮನೆಯಿಂದ ಏನಾದರೂ ತನ್ನಿ" ಎಂದು ಉಪಾಧ್ಯಾಯರು ಹೇಳಿದಾಗ ಆ ಮಗು ತಲೆ ತಗ್ಗಿಸುತ್ತದೆ. ಸಂತೆಯ ದಿನ ಅದು ಶಾಲೆಗೇ ಬಾರದೆ ಉಳಿಯಬಹುದು. ಎಲ್ಲರಿಗೂ ಸಮಾನವಾದ ಅಂಗಳದಲ್ಲಿ ಬಂಡವಾಳವುಳ್ಳವರು, ಇಲ್ಲದವರು ಎಂಬ ಎರಡು ಜಾತಿಗಳನ್ನು ನಾವೇ ಹುಟ್ಟಿಸಿದಂತೆ ಆಗಬಾರದು.

ಇದಕ್ಕೆ ಪರಿಹಾರ ಕನ್ನಡ ನಾಡಿನ ಇತಿಹಾಸದಲ್ಲಿಯೇ ಇದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವೊಂದನ್ನು ಕಟ್ಟಿದರು. ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ಸಹಕಾರ ಕಾಯಿದೆಯ ಕೆಳಗೆ ದೇಶದಲ್ಲಿ ಹುಟ್ಟಿದ ಮೊದಲ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕೆ ಸಲ್ಲುತ್ತದೆ. ಒಬ್ಬೊಬ್ಬನಾಗಿ ಸಾಹುಕಾರನ ಮುಂದೆ ಕೈಯೊಡ್ಡುತ್ತಿದ್ದ ರೈತರು ಒಟ್ಟುಗೂಡಿದಾಗ ತಮಗೆ ತಾವೇ ಸಾಲ ಕೊಡಬಲ್ಲವರಾದರು. ಅದೇ ಉಪಾಯವನ್ನು ಶಾಲೆಯ ಅಂಗಳಕ್ಕೆ ಇಳಿಸುವುದು ಕಷ್ಟವಲ್ಲ. ತರಗತಿಯ ಮಕ್ಕಳೆಲ್ಲರೂ ಐದೈದರ ಗುಂಪಾಗಲಿ. ಒಬ್ಬನ ಮನೆಯ ತೆಂಗಿನಕಾಯಿ, ಇನ್ನೊಬ್ಬಳ ಮನೆಯ ಸೊಪ್ಪು. ಏನೂ ಇಲ್ಲದವನು ತಕ್ಕಡಿ ಹಿಡಿಯಲಿ, ಮತ್ತೊಬ್ಬಳು ಕಿರ್ದಿ ಬರೆಯಲಿ. ಶಾಲೆಯ ಕೈತೋಟದಲ್ಲಿ ಎಲ್ಲರೂ ಕೂಡಿ ಬೆಳೆದ ಸೊಪ್ಪಾದರೆ ಇನ್ನೂ ಉತ್ತಮ. ಅದರಲ್ಲಿ ಯಾರ ಮನೆಯ ಸಿರಿಯೂ ಕಾಣದು, ಬಡತನವೂ ಕಾಣದು. ದುಡಿಮೆಯೂ ಬಂಡವಾಳವೇ ಎಂಬ ಅರ್ಥಶಾಸ್ತ್ರದ ದೊಡ್ಡ ಮಾತು ಆಗ ಪಾಲು ಹಂಚುವಾಗಲೇ ಮಗುವಿಗೆ ತಿಳಿಯುತ್ತದೆ.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಊರುಗಳಲ್ಲಿ ಹಸಿಯ ತರಕಾರಿಗೆ ಜಾತಿಯಿಲ್ಲ, ಬೇಯಿಸಿದ ಅಡಿಗೆಗೆ ಇದೆ. ಮಕ್ಕಳ ಸಂತೆಯಲ್ಲಿ ಯಾವ ಮನೆಯ ಬಜ್ಜಿ ಬೇಗ ಖರ್ಚಾಯಿತು, ಯಾವ ಮನೆಯ ಮಜ್ಜಿಗೆ ಹಾಗೆಯೇ ಉಳಿಯಿತು ಎಂಬುದು ಕೆಲವೊಮ್ಮೆ ರುಚಿಯನ್ನೇ ಅವಲಂಬಿಸಿರುವುದಿಲ್ಲ. ಬೆಳಗಿನಿಂದ ಕಾದು ಕುಳಿತ ಮಗುವಿಗೆ ಅದರ ಕಾರಣ ಹೇಳುವವರು ಯಾರು? ಅಂಥ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರೂ ಊರಿನ ಹಿರಿಯರೂ ಮೊದಲು ಹೋಗಿ ಆ ಮಗುವಿನ ಕೈಯಿಂದ ಮಜ್ಜಿಗೆಯ ಲೋಟವನ್ನು ತೆಗೆದುಕೊಂಡು ಎಲ್ಲರ ಎದುರಿಗೆ ಕುಡಿದರೆ, ಒಂದು ವರ್ಷದ ನಾಗರಿಕಶಾಸ್ತ್ರದ ಪಾಠ ಒಂದು ಗುಟುಕಿನಲ್ಲಿ ಮುಗಿಯುತ್ತದೆ.

ಮಿಕ್ಕ ಅಕ್ಕಿಯ ನ್ಯಾಯ

ಲಾಭವನ್ನು ಕುರಿತು ಕನ್ನಡಿಗರಿಗೆ ಪರದೇಶದವರು ಪಾಠ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಕಾಯಕವೆಂಬ ಹೆಸರಿಟ್ಟು ಅದನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಮಾದಾರ, ಅಂಬಿಗ, ಮಡಿವಾಳ ಎಂಬ ಕಸುಬಿನ ಹೆಸರುಗಳನ್ನೇ ಅವರು ಗೌರವದ ಬಿರುದುಗಳಂತೆ ಧರಿಸಿದರು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ತಿಳಿದದ್ದೆ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಅವನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬಾ ಎಂದವಳು ಮಡದಿ ಲಕ್ಕಮ್ಮ. ಗಳಿಸುವುದು ತಪ್ಪಲ್ಲ, ಅಗತ್ಯಕ್ಕೆ ಮೀರಿ ಕೂಡಿಡುವುದು ತಪ್ಪು ಎಂಬ ಅವಳ ನಿಲುವನ್ನು ಇಂದಿನ ವ್ಯಾಪಾರಶಾಸ್ತ್ರ ಒಪ್ಪಲಾರದು. ಆದರೂ ಮಕ್ಕಳ ಸಂತೆಯ ಮರುದಿನ ಚರ್ಚೆಗೆ ಇದಕ್ಕಿಂತ ಒಳ್ಳೆಯ ವಿಷಯವಿಲ್ಲ.

ಬಂದ ಹಣವನ್ನು ಏನು ಮಾಡಬೇಕೆಂಬ ನಿರ್ಣಯವನ್ನು ಮಕ್ಕಳಿಗೇ ಬಿಡಬೇಕು. ತಮ್ಮ ತಮ್ಮಲ್ಲಿ ಹಂಚಿಕೊಳ್ಳುವುದೋ, ಒಂದು ಪಾಲನ್ನು ಗ್ರಂಥಾಲಯಕ್ಕೆ ಕೊಡುವುದೋ, ಮುಂದಿನ ಸಂತೆಯ ಮೂಲಧನವಾಗಿ ಇಡುವುದೋ ಎಂದು ಅವರೇ ಕುಳಿತು ವಾದಿಸಲಿ. ಯಾರ ಕೈಯಲ್ಲಿ ಎಷ್ಟಿತ್ತು, ಎಷ್ಟು ಖರ್ಚಾಯಿತು ಎಂಬುದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಓದಲಿ. ಸಾರ್ವಜನಿಕ ಹಣದ ಲೆಕ್ಕವನ್ನು ಸಾರ್ವಜನಿಕವಾಗಿ ಒಪ್ಪಿಸುವ ಅಭ್ಯಾಸ ಹತ್ತನೆಯ ವಯಸ್ಸಿನಲ್ಲಿ ಬಂದರೆ ನಲವತ್ತನೆಯ ವಯಸ್ಸಿನಲ್ಲಿ ಅದು ಪಂಚಾಯಿತಿಗೂ ಪುರಸಭೆಗೂ ಉಪಯೋಗಕ್ಕೆ ಬಂದೀತು.

ಪಟ್ಟಣದ ಮನೆಗಳಿಗೆ ಒಂದು ಮಾತು

ಪಟ್ಟಣದಲ್ಲಿ ವಾಸಿಸುವ ಕುಟುಂಬಗಳಿಗೆ ಇದೆಲ್ಲ ದೂರದ ಹಳ್ಳಿಯ ಸುದ್ದಿಯೆನಿಸಬಹುದು. ಆದರೆ ಈ ವಿದ್ಯೆಯ ಅಗತ್ಯ ಹಳ್ಳಿಯ ಮಗುವಿಗಿಂತ ಪಟ್ಟಣದ ಮಗುವಿಗೇ ಹೆಚ್ಚು. ಹಳ್ಳಿಯ ಮಗು ಸೊಪ್ಪು ಬೆಳೆಯುವುದನ್ನಾದರೂ ನೋಡಿದೆ. ಪಟ್ಟಣದ ಮಗುವಿಗೆ ಸೊಪ್ಪು ಬಾಗಿಲಿಗೆ ಬಂದು ಬೀಳುವ ವಸ್ತು. 25 ಪೈಸೆ ಮತ್ತು ಅದಕ್ಕಿಂತ ಕಿರಿಯ ನಾಣ್ಯಗಳು 2011ರ ಜೂನ್ ಕೊನೆಯಲ್ಲಿ ಚಲಾವಣೆಯಿಂದ ಹೋದುವು. 2016ರಿಂದೀಚೆಗೆ ಮೊಬೈಲಿನ ಮೂಲಕ ಹಣ ಸಂದಾಯ ಮಾಡುವ ಪದ್ಧತಿ ಬಂದು ಉಳಿದ ಚಿಲ್ಲರೆಯೂ ಕಣ್ಣಿಗೆ ಮರೆಯಾಗುತ್ತಿದೆ. ತಂದೆ ಗಾಜಿನ ಮೇಲೆ ಬೆರಳೊತ್ತಿದರೆ ಅಂಗಡಿಯವನು ಸಾಮಾನು ಕೊಡುತ್ತಾನೆ ಎಂಬಷ್ಟೇ ಮಗು ಕಂಡಿರುವ ಸತ್ಯ. ಕೈಯಿಂದ ಹಣ ಹೋಗುವುದನ್ನು ಕಾಣದ ಮಗುವಿಗೆ ಹಣ ಬರುವ ಕಷ್ಟವೂ ಕಾಣದು.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಭಾನುವಾರದ ಮಾರುಕಟ್ಟೆಗೆ ಹೋಗುವಾಗ ಇನ್ನೂರು ರೂಪಾಯಿ ನೋಟನ್ನು ಮಗಳ ಕೈಗೆ ಕೊಟ್ಟು, ಮನೆಯ ಎರಡು ದಿನದ ತರಕಾರಿಯನ್ನು ಆಕೆಯೇ ಕೊಳ್ಳಲೆಂದು ತಾಯಿತಂದೆಗಳು ಹಿಂದೆ ನಿಂತರೆ ಸಾಕು. ಆಕೆ ಮೋಸ ಹೋಗಬಹುದು. ಬಾಡಿದ ಬೀನ್ಸ್ ತರಬಹುದು. ಚೌಕಾಸಿ ಮಾಡಲು ನಾಚಬಹುದು. ಬಿಸಿಲಿನಲ್ಲಿ ಕುಳಿತ ಮುದುಕಿಯೊಡನೆ ಎರಡು ರೂಪಾಯಿಗಾಗಿ ವಾದಿಸುವುದು ಸರಿಯೇ ಎಂಬ ಪ್ರಶ್ನೆಯೂ ಆಕೆಯ ಮನಸ್ಸಿನಲ್ಲಿ ಏಳಬಹುದು. ಮನೆಗೆ ಬಂದು ಆಕೆ ಬರೆಯುವ ಆ ಒಂದು ಪುಟದ ಲೆಕ್ಕವನ್ನು ತಂದೆತಾಯಿಗಳು ನಗದೆ ಓದಬೇಕು, ಕೂಡಿಸಿದ್ದರಲ್ಲಿ ತಪ್ಪಿದ್ದರೆ ತೋರಿಸಬೇಕು, ಮಿಕ್ಕ ಚಿಲ್ಲರೆಯನ್ನು ಎಣಿಸಿ ತೆಗೆದುಕೊಳ್ಳಬೇಕು. ಮುಂದಿನ ಭಾನುವಾರ ಚೀಲವನ್ನು ಮತ್ತೆ ಆಕೆಯ ಕೈಗೇ ಕೊಡಬೇಕು.